ಮೂರು ಆಯಾಮದ ಮಾದರಿಗಳ ವಲಸೆ

ಡಿಎನ್‌ಎ ಪಾಠಕ್ಕೆಂದು ನೀವು ಅಂತರಜಾಲದಿಂದ ಒಂದು ಮೂರು ಆಯಾಮದ ಮಾದರಿಯನ್ನು ಇಳಿಸಿಕೊಂಡಿದ್ದೀರಿ ಎಂದುಕೊಳ್ಳಿ. ಅದನ್ನು ತಯಾರಿಸಿದ ತಂತ್ರಾಂಶದಲ್ಲಿ ಅದು ನೆಟ್ಟಗೆ, ಬಣ್ಣಬಣ್ಣವಾಗಿ ನಿಂತಿತ್ತು. ನಿಮ್ಮ ಗಣಕದಲ್ಲಿರುವ ಬೇರೊಂದು ತಂತ್ರಾಂಶದಲ್ಲಿ ಅದನ್ನು ತೆರೆದಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಹುಡುಕಿದರೆ ಮಾದರಿ ಇದೆ, ಆದರೆ ಅದು ಎಷ್ಟು ದೊಡ್ಡದೆಂದರೆ ನೀವು ಅದರ ಒಳಗೇ ನಿಂತಿದ್ದೀರಿ! ದೂರ ಸರಿದು ನೋಡಿದರೆ ಅಡ್ಡ ಮಲಗಿದೆ. ಬಣ್ಣಗಳೆಲ್ಲ ಮಾಯವಾಗಿ ಬೂದಿಯಂತಾಗಿದೆ. ನೀವು ಅದನ್ನು ಚಿಕ್ಕದು ಮಾಡಿ, ಎತ್ತಿ ನಿಲ್ಲಿಸಿ, ಬಣ್ಣ ಹಚ್ಚಿ ಪಾಠ ಮುಗಿಸುತ್ತೀರಿ.

ಆದರೆ ಇನ್ನೊಂದು ತಪ್ಪು ನಿಮ್ಮ ಗಮನಕ್ಕೆ ಬಾರದೆ ಉಳಿದಿರಬಹುದು. ಜೀವಕೋಶಗಳಲ್ಲಿ ಸಾಮಾನ್ಯವಾಗಿ ಇರುವ ಡಿಎನ್‌ಎ ಬಲಸುರುಳಿ. ನಿಮ್ಮ ಪರದೆಯ ಮೇಲಿರುವುದು ಎಡಸುರುಳಿಯಾಗಿದ್ದರೆ? ಮೊದಲ ಮೂರು ತಪ್ಪುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನಾಲ್ಕನೆಯದು ಚೆಂದವಾಗಿಯೇ ಕಾಣುತ್ತದೆ, ಮಕ್ಕಳ ಟಿಪ್ಪಣಿ ಪುಸ್ತಕಕ್ಕೂ ಇಳಿಯುತ್ತದೆ. ಈ ನಾಲ್ಕೂ ತಪ್ಪುಗಳ ಮೂಲ ಒಂದೇ. ಅದು ಯಾವುದೆಂದು ನೋಡೋಣ.

ರಂಗೋಲಿಯ ಚುಕ್ಕಿಗಳು

ಗಣಕದಲ್ಲಿರುವ ಮೂರು ಆಯಾಮದ ಮಾದರಿ ಒಂದು ಚಿತ್ರವಲ್ಲ. ಅದು ಸಂಖ್ಯೆಗಳ ಪಟ್ಟಿ. ರಂಗೋಲಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಅಲ್ಲಿ '15 ಚುಕ್ಕಿ, 15 ಸಾಲು' ಎಂದು ಬರೆದಿರುತ್ತದೆ. ಯಾವ ಚುಕ್ಕಿಗೆ ಯಾವ ಚುಕ್ಕಿಯನ್ನು ಸೇರಿಸಬೇಕೆಂಬುದನ್ನು ತೋರಿಸಿರುತ್ತದೆ. ಮಾದರಿಯ ಕಡತವೂ ಹೀಗೆಯೇ. ಮೊದಲು ಶೃಂಗಗಳ ಪಟ್ಟಿ: ಪ್ರತಿ ಶೃಂಗಕ್ಕೂ ಎಕ್ಸ್, ವೈ, ಜೆಡ್ ಎಂಬ ಮೂರು ನಿರ್ದೇಶಾಂಕಗಳು. ಅನಂತರ ಮುಖಗಳ ಪಟ್ಟಿ: '1, 2, 3ನೆಯ ಶೃಂಗಗಳನ್ನು ಸೇರಿಸಿದರೆ ಒಂದು ತ್ರಿಕೋನ' ಎಂಬಂಥ ಸಾಲುಗಳು. ಒಂದು ಘನಾಕೃತಿಗೆ 8 ಶೃಂಗಗಳು. ಅದರ 6 ಚೌಕಗಳನ್ನು ಕರ್ಣದ ಉದ್ದಕ್ಕೂ ಸೀಳಿದರೆ 12 ತ್ರಿಕೋನಗಳು. ಅಷ್ಟು ಬರೆದರೆ ಘನಾಕೃತಿ ಮುಗಿಯಿತು.

ಈಗ ಗಮನಿಸಿ. ಚುಕ್ಕಿಗಳ ನಡುವೆ ಎಷ್ಟು ಅಂತರವಿರಬೇಕೆಂದು ರಂಗೋಲಿ ಪುಸ್ತಕ ಹೇಳುವುದಿಲ್ಲ. ಒಬ್ಬರ ಮನೆಯ ಮುಂದೆ ಅದೇ ರಂಗೋಲಿ ತಟ್ಟೆಯಷ್ಟಾದರೆ ಇನ್ನೊಬ್ಬರ ಅಂಗಳದಲ್ಲಿ ಚಾಪೆಯಷ್ಟಾಗುತ್ತದೆ. ಹಾಕುವವರಿಗೆ ಅದು ಅಡ್ಡಿಯಲ್ಲ, ಏಕೆಂದರೆ ಅಂತರ ಎಷ್ಟೆಂಬುದು ಅವರ ಕೈಗೆ ಗೊತ್ತು. ಗಣಕಕ್ಕೆ ಹಾಗೆ ಗೊತ್ತಿರುವುದಿಲ್ಲ. ಕಡತದಲ್ಲಿ ಬರೆಯದೆ ಬಿಟ್ಟದ್ದನ್ನು ಪ್ರತಿ ತಂತ್ರಾಂಶವೂ ತನ್ನ ವಾಡಿಕೆಯಂತೆ ಊಹಿಸಿಕೊಳ್ಳುತ್ತದೆ. ವಲಸೆಯ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿ.

ವಲಸೆಯಾದರೂ ಏಕೆ ಬೇಕು? ಕೆಲಸಗಳು ಬೇರೆ ಬೇರೆ ಇರುವುದರಿಂದ. ಆಕಾರವನ್ನು ರೂಪಿಸುವುದು ಒಂದು ಕೆಲಸ. ಇದಕ್ಕೆ ಮಾಡೆಲಿಂಗ್ ಎನ್ನುತ್ತಾರೆ. ಆ ಆಕಾರದ ಮೇಲೆ ಬೆಳಕು ಬಿದ್ದರೆ ಹೇಗೆ ಕಾಣುತ್ತದೆಂದು ಲೆಕ್ಕ ಹಾಕಿ ಚಿತ್ರ ತೆಗೆಯುವುದು ಇನ್ನೊಂದು ಕೆಲಸ; ಇದು ರೆಂಡರಿಂಗ್. ಮಡಕೆ ಮಾಡುವವರು ಒಬ್ಬರು, ಅದರ ಛಾಯಾಚಿತ್ರ ತೆಗೆಯುವವರು ಇನ್ನೊಬ್ಬರು ಇದ್ದಂತೆ. ಬ್ಲೆಂಡರ್‌ನಂಥ ತಂತ್ರಾಂಶಗಳು ಎರಡನ್ನೂ ಮಾಡುತ್ತವೆ. ಆದರೂ ಅಣುಗಳ ಮಾದರಿ, ಕಟ್ಟಡಗಳ ಮಾದರಿ, ಯಂತ್ರಭಾಗಗಳ ಮಾದರಿ ಹುಟ್ಟುವುದು ಆಯಾ ಕ್ಷೇತ್ರದ ತಂತ್ರಾಂಶಗಳಲ್ಲೇ. ಆದ್ದರಿಂದ ಮಾದರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲೇಬೇಕು.

ಕುಳ್ಳಾದ ಟೀಪಾಟ್

ಮಾದರಿಗಳ ವಲಸೆಯಲ್ಲಿ ಅತಿ ಪ್ರಸಿದ್ಧವಾದುದು ಒಂದು ಟೀಪಾಟ್, ಅಂದರೆ ಮೂತಿಯುಳ್ಳ ಚಹಾ ಪಾತ್ರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ತಮ್ಮ ಮನೆಯ ಟೀಪಾಟನ್ನು ಗಣಕಕ್ಕೆ ಇಳಿಸಿದರು. ಬಾಗಿದ ಮೈ, ಹಿಡಿ, ಮೂತಿ, ಮುಚ್ಚಳ ಎಲ್ಲವೂ ಅದರಲ್ಲಿದ್ದುದರಿಂದ ರೆಂಡರಿಂಗ್ ವಿಧಾನಗಳನ್ನು ಪರೀಕ್ಷಿಸಲು ಅದು ಹೇಳಿ ಮಾಡಿಸಿದಂತಿತ್ತು. ಅದರ ಸಂಖ್ಯೆಗಳು ಪ್ರಕಟವಾದ ಮೇಲೆ ಬೇರೆ ಬೇರೆ ಕಡೆಯ ಸಂಶೋಧಕರು ಅದನ್ನೇ ಬಳಸತೊಡಗಿದರು.

ಆದರೆ ಆ ಟೀಪಾಟ್ ಪ್ರಯಾಣದಲ್ಲಿ ಕುಳ್ಳಾಯಿತು! ನ್ಯೂವೆಲ್ ಅವರ ಸಹೋದ್ಯೋಗಿ ಜಿಮ್ ಬ್ಲಿನ್ ಅದನ್ನು ಎತ್ತರದ ದಿಕ್ಕಿನಲ್ಲಿ ಕುಗ್ಗಿಸಿದ್ದರು. ಹಾಗೆ ಕುಗ್ಗಿದ ರೂಪವೇ ಎಲ್ಲೆಡೆ ಹರಡಿತು. ನಿಜವಾದ ಪಾತ್ರೆ ಇಂದು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್‌ನಲ್ಲಿದೆ. ಅದು ನಾವು ಪರದೆಯ ಮೇಲೆ ನೋಡುವ ಟೀಪಾಟಿಗಿಂತ ಗಮನಾರ್ಹವಾಗಿ ಎತ್ತರವಾಗಿದೆ. ಹರಡಿದ ಸಂಖ್ಯೆಗಳ ಜೊತೆಯಲ್ಲಿ 'ಇದನ್ನು ಕುಗ್ಗಿಸಲಾಗಿದೆ' ಎಂಬ ಮಾತು ಹೋಗಲಿಲ್ಲ. ಹಾಗಾಗಿ ಸಂಖ್ಯೆಗಳನ್ನಷ್ಟೇ ಪಡೆದವರಿಗೆ ಪಾತ್ರೆಯ ನಿಜವಾದ ಎತ್ತರ ತಿಳಿಯುವ ದಾರಿ ಇರಲಿಲ್ಲ. ಚಹಾ ಪಾತ್ರೆ ಕುಳ್ಳಾದರೆ ನಷ್ಟವಿಲ್ಲ. ಯಂತ್ರದ ಭಾಗವೋ ಮೂಳೆಯ ಮಾದರಿಯೋ ಕುಳ್ಳಾದರೆ ನಷ್ಟವಿದೆ.

ಬಾಗಿದ್ದು ಚಪ್ಪಟೆಯಾದಾಗ

ನ್ಯೂವೆಲ್ ಅವರ ಟೀಪಾಟ್ ತ್ರಿಕೋನಗಳಿಂದ ಆದುದಲ್ಲ. ಅದು ಬೆಜಿಯೆ ತೇಪೆಗಳೆಂಬ ಬಾಗಿದ ತುಂಡುಗಳಿಂದ ಆದುದು. ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ ಬಳಕೆಗೆ ತಂದ ಈ ವಿಧಾನದಲ್ಲಿ ಒಂದು ತುಂಡಿನ ಬಾಗನ್ನು 16 ಬಿಂದುಗಳು ನಿರ್ಧರಿಸುತ್ತವೆ. ಇಡೀ ಟೀಪಾಟಿಗೆ ತಳವೂ ಸೇರಿ 32 ತೇಪೆಗಳು ಸಾಕು. ಎಷ್ಟು ಹತ್ತಿರದಿಂದ ನೋಡಿದರೂ ಅಂಚು ನುಣುಪಾಗಿಯೇ ಇರುತ್ತದೆ.

ಆದರೆ ಹೆಚ್ಚಿನ ವಲಸೆ ಕಡತಗಳಲ್ಲಿ ಬಾಗಿದ ಮೈಗೆ ಜಾಗವಿಲ್ಲ. ಅದನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ಕಳಿಸಬೇಕು. ಆಗ ಎಷ್ಟು ತಪ್ಪು ಬರುತ್ತದೆ? ಶಾಲೆಯ ತ್ರಿಕೋನಮಿತಿಯೇ ಉತ್ತರ ಕೊಡುತ್ತದೆ. 10 ಸೆಂಟಿಮೀಟರ್ ತ್ರಿಜ್ಯದ ವೃತ್ತದ ಒಳಗೆ ಸಮಬಹುಭುಜವನ್ನು ಬರೆಯಿರಿ. ಭುಜದ ಮಧ್ಯಬಿಂದು ವೃತ್ತದಿಂದ ಎಷ್ಟು ಒಳಗಿದೆ ಎಂಬುದೇ ತಪ್ಪಿನ ಅಳತೆ. ತ್ರಿಜ್ಯವನ್ನು (1 − ಕೊಸೈನ್ (180°/ಭುಜಗಳ ಸಂಖ್ಯೆ)) ಎಂಬುದರಿಂದ ಗುಣಿಸಿದರೆ ಅದು ಸಿಗುತ್ತದೆ.

8 ಭುಜಗಳಿದ್ದರೆ ತಪ್ಪು ಸುಮಾರು 7.6 ಮಿಲಿಮೀಟರ್.
16 ಭುಜಗಳಿದ್ದರೆ ಸುಮಾರು 1.9 ಮಿಲಿಮೀಟರ್.
32 ಭುಜಗಳಿದ್ದರೆ ಸುಮಾರು 0.48 ಮಿಲಿಮೀಟರ್.
64 ಭುಜಗಳಿದ್ದರೆ ಸುಮಾರು 0.12 ಮಿಲಿಮೀಟರ್.

ಭುಜಗಳನ್ನು ಎರಡರಷ್ಟು ಮಾಡಿದಾಗಲೆಲ್ಲ ತಪ್ಪು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ಬಾಗಿದ ಮೈಯ ಮೇಲೆ ಎರಡು ದಿಕ್ಕಿನಲ್ಲೂ ವಿಭಾಗಿಸಬೇಕಾದುದರಿಂದ ತ್ರಿಕೋನಗಳ ಸಂಖ್ಯೆ ನಾಲ್ಕರಷ್ಟಾಗುತ್ತದೆ, ಕಡತವೂ ಊದಿಕೊಳ್ಳುತ್ತದೆ. ಇನ್ನೊಂದು ಮಾತು: ತ್ರಿಕೋನಗಳಾದ ಮೇಲೆ ಮೂಲದ ಬಾಗು ಹಿಂದಿರುಗುವುದಿಲ್ಲ. ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗದು. ಆದ್ದರಿಂದ ಮೂಲ ತಂತ್ರಾಂಶದ ಕಡತವನ್ನು ಎಂದೂ ಅಳಿಸಬೇಡಿ.

ಎಷ್ಟು ದೊಡ್ಡದು?

ಮೂರು ಆಯಾಮದ ಮುದ್ರಣಕ್ಕೆ ಇಂದಿಗೂ ಬಳಕೆಯಲ್ಲಿರುವ ಎಸ್‌ಟಿಎಲ್ ಕಡತ 1987ರಲ್ಲಿ ಬಂದದ್ದು. ಅದರಲ್ಲಿ ತ್ರಿಕೋನಗಳಷ್ಟೇ ಇರುತ್ತವೆ, ಅಳತೆಯ ಏಕಮಾನ ಇರುವುದಿಲ್ಲ. ಮುದ್ರಣ ಮಾಡುವವರು ಸಾಮಾನ್ಯವಾಗಿ 1 ಎಂದರೆ 1 ಮಿಲಿಮೀಟರ್ ಎಂದು ತಿಳಿಯುತ್ತಾರೆ. ಅದೇ ಸಂಖ್ಯೆಯನ್ನು ಬ್ಲೆಂಡರ್ ತನ್ನ ವಾಡಿಕೆಯಂತೆ 1 ಮೀಟರ್ ಎಂದು ಓದುತ್ತದೆ. 100 ಮಿಲಿಮೀಟರ್ ಎತ್ತರದ ಟೀಪಾಟ್ 100 ಮೀಟರ್ ಆಗಿ ವಿಜಾಪುರದ ಗೋಳಗುಮ್ಮಟಕ್ಕಿಂತಲೂ ಎತ್ತರ ನಿಲ್ಲುತ್ತದೆ! ಅಣುಗಳ ನಿರ್ದೇಶಾಂಕಗಳನ್ನು ಆಂಗ್‌ಸ್ಟ್ರಾಮ್‌ಗಳಲ್ಲಿ ಬರೆಯುವುದು ರೂಢಿ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ. ಸುಮಾರು 20 ಆಂಗ್‌ಸ್ಟ್ರಾಮ್ ಅಗಲದ ಡಿಎನ್‌ಎ 20 ಮೀಟರ್ ಅಗಲವಾಗುತ್ತದೆ. ಮೊದಲು ಹೇಳಿದಂತೆ ನೀವು ಅದರ ಒಳಗೆ ಸಿಕ್ಕಿಕೊಂಡಿದ್ದು ಇದರಿಂದ.

'ಗಾತ್ರ ಏನಾದರೇನು, ಚಿತ್ರ ಒಂದೇ ಅಲ್ಲವೇ?' ಎಂದು ನೀವು ಕೇಳಬಹುದು. ಅಲ್ಲ. ಇಂದಿನ ರೆಂಡರಿಂಗ್ ತಂತ್ರಾಂಶಗಳು ಬೆಳಕನ್ನು ಭೌತವಿಜ್ಞಾನದ ನಿಯಮದಂತೆ ಲೆಕ್ಕ ಹಾಕುತ್ತವೆ. ದೀಪದಿಂದ ಬೀಳುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕಡಮೆಯಾಗುತ್ತದೆ. ಸೆಂಟಿಮೀಟರಿನಲ್ಲಿ ರಚಿಸಿದ ಕೋಣೆಯನ್ನು ಮೀಟರ್ ಎಂದು ಓದಿದರೆ ಎಲ್ಲ ಉದ್ದಗಳೂ 100ರಷ್ಟಾಗುತ್ತವೆ. 2 ಮೀಟರ್ ದೂರದಲ್ಲಿದ್ದ ದೀಪ 200 ಮೀಟರ್ ದೂರಕ್ಕೆ ಹೋಗುತ್ತದೆ. ದೀಪದ ಸಾಮರ್ಥ್ಯ ಮಾತ್ರ ಬದಲಾಗದು. ಮೇಜಿನ ಮೇಲೆ ಬೀಳುವ ಬೆಳಕು 10,000ದಲ್ಲಿ ಒಂದು ಭಾಗವಾಗುತ್ತದೆ, ಚಿತ್ರ ಕಪ್ಪಾಗುತ್ತದೆ. ಬಳಸುವವರು ದೀಪ ಕೆಟ್ಟಿದೆಯೆಂದು ಹುಡುಕುತ್ತಾರೆ, ಕೆಟ್ಟಿರುವುದು ಏಕಮಾನ.

ಎಡಗೈ, ಬಲಗೈ

ನಿಮ್ಮ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಒಂದಕ್ಕೊಂದು ಲಂಬವಾಗಿ ಚಾಚಿ. ಅವು ಕ್ರಮವಾಗಿ ಎಕ್ಸ್, ವೈ, ಜೆಡ್ ಅಕ್ಷಗಳೆಂದುಕೊಳ್ಳಿ. ಇದು ಬಲಗೈ ವ್ಯವಸ್ಥೆ. ಎಡಗೈಯಲ್ಲೂ ಹಾಗೆಯೇ ಮಾಡಿ. ಎರಡು ಬೆರಳುಗಳನ್ನು ಹೊಂದಿಸಿದರೆ ಮೂರನೆಯದು ವಿರುದ್ಧ ದಿಕ್ಕಿಗೆ ಹೋಗುತ್ತದೆ. ಎಷ್ಟು ತಿರುಗಿಸಿದರೂ ಎರಡು ಕೈ ಒಂದಾಗುವುದಿಲ್ಲ.

ಬ್ಲೆಂಡರ್ ಮತ್ತು ಮಾಯಾ ಎಂಬ ತಂತ್ರಾಂಶಗಳದ್ದು ಬಲಗೈ ವ್ಯವಸ್ಥೆ. ಆದರೆ ಬ್ಲೆಂಡರ್‌ನಲ್ಲಿ ಮೇಲ್ಮುಖವಾಗಿರುವುದು ಜೆಡ್ ಅಕ್ಷ, ಮಾಯಾದಲ್ಲಿ ಸಾಮಾನ್ಯವಾಗಿ ವೈ ಅಕ್ಷ. ಆಟಗಳ ರಚನೆಗೆ ಬಳಸುವ ಯೂನಿಟಿಯಲ್ಲಿ ಮೇಲ್ಮುಖವಾಗಿರುವುದು ವೈ, ಆದರೆ ಅದು ಎಡಗೈ ವ್ಯವಸ್ಥೆ. ಪೊವ್-ರೇ ಎಂಬ ಉಚಿತ ರೆಂಡರಿಂಗ್ ತಂತ್ರಾಂಶವೂ ರೂಢಿಯಿಂದ ಎಡಗೈಯದೇ. ಇವುಗಳಲ್ಲಿ ಯಾವುದೂ ತಪ್ಪಲ್ಲ. ರಸ್ತೆಯ ಎಡಬದಿಯಲ್ಲಿ ವಾಹನ ನಡೆಸುವ ದೇಶಗಳೂ ಬಲಬದಿಯಲ್ಲಿ ನಡೆಸುವ ದೇಶಗಳೂ ಇರುವಂತೆ ಇದೂ ಒಂದು ವಾಡಿಕೆ. ಅಪಾಯವಿರುವುದು ಗಡಿ ದಾಟುವಾಗ.

ಜೆಡ್ ಮೇಲಿರುವ ಬಲಗೈ ವ್ಯವಸ್ಥೆಯಿಂದ ವೈ ಮೇಲಿರುವ ಬಲಗೈ ವ್ಯವಸ್ಥೆಗೆ ಹೋಗಬೇಕೆನ್ನಿ. ಸುಲಭವಾಗಿ ಹೊಳೆಯುವ ದಾರಿ ವೈ ಮತ್ತು ಜೆಡ್ ಸಂಖ್ಯೆಗಳನ್ನು ಅದಲುಬದಲು ಮಾಡುವುದು: (ಎಕ್ಸ್, ವೈ, ಜೆಡ್) ಎಂಬುದು (ಎಕ್ಸ್, ಜೆಡ್, ವೈ) ಆಗುತ್ತದೆ. ಮಾದರಿ ಎದ್ದು ನಿಲ್ಲುತ್ತದೆ. ಆದರೆ ಅದು ಮೂಲದ ಕನ್ನಡಿ ಬಿಂಬವಾಗಿರುತ್ತದೆ! ಸರಿಯಾದ ದಾರಿ (ಎಕ್ಸ್, ಜೆಡ್, −ವೈ). ಆ ಒಂದು ಋಣ ಚಿಹ್ನೆ ಸೇರಿದಾಗ ಮಾತ್ರ ಅದು ಶುದ್ಧ ತಿರುಗುವಿಕೆ. ನಿರ್ಧಾರಕ ಕಲಿತ ವಿದ್ಯಾರ್ಥಿಗಳು ಇದನ್ನು ತಾಳೆ ನೋಡಬಹುದು. ಮೊದಲ ಬದಲಾವಣೆಯ ಮಾತೃಕೆಯ ನಿರ್ಧಾರಕ −1, ಎರಡನೆಯದರದ್ದು +1. ಬೆಲೆ ಋಣವಾಗಿ ಬಂದರೆ ಎಡಬಲ ಅದಲುಬದಲಾಗಿದೆ ಎಂದರ್ಥ. ಬಲಗೈ ವ್ಯವಸ್ಥೆಯ ಸಂಖ್ಯೆಗಳನ್ನು ಎಡಗೈ ವ್ಯವಸ್ಥೆ ಹಾಗೆಯೇ ಓದಿದರೂ ಇದೇ ಗತಿ.

ಸಮಮಿತಿಯುಳ್ಳ ಟೀಪಾಟಿಗೆ ಕನ್ನಡಿ ಬಿಂಬದಿಂದ ತೊಂದರೆಯಿಲ್ಲ. ಆದರೆ ಬಲಗೈಯ ಮೂಳೆಗಳು ಎಡಗೈಯವಾಗುತ್ತವೆ. ಹೃದಯದ ಎಡ ಹೃತ್ಕುಕ್ಷಿ ಬಲಕ್ಕೆ ಬರುತ್ತದೆ. ಪ್ರೋಟೀನುಗಳಲ್ಲಿರುವ ಎಲ್ ಬಗೆಯ ಅಮೈನೊ ಆಮ್ಲಗಳು ಡಿ ಬಗೆಯವಾಗುತ್ತವೆ. ಡಿಎನ್‌ಎ ಎಡಸುರುಳಿಯಾಗುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ, ನಿಮ್ಮತ್ತ ಇರುವ ಎಳೆಗಳನ್ನು ನೋಡಿ. ಅವು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರುತ್ತಿದ್ದರೆ ಬಲಸುರುಳಿ. ಮಾಮೂಲು ಸ್ಕ್ರೂ ಮೊಳೆಯ ಹಲ್ಲುಗಳೂ ಹೀಗೆಯೇ ಏರುತ್ತವೆ. ಸ್ಕ್ರೂವನ್ನು ತಲೆಕೆಳಗು ಮಾಡಿ ನೋಡಿ, ಏರುವ ದಿಕ್ಕು ಬದಲಾಗುವುದಿಲ್ಲ. ಅದನ್ನೇ ಕನ್ನಡಿಯಲ್ಲಿ ನೋಡಿ, ಬದಲಾಗುತ್ತದೆ. ಈ ಪರೀಕ್ಷೆಗೆ ಗಣಕವೂ ಬೇಡ.

ಹೊರಮೈ ಮತ್ತು ಬಣ್ಣ

ಒಂದು ತ್ರಿಕೋನಕ್ಕೆ ಎರಡು ಮೈಗಳು. ಯಾವುದು ಹೊರಮೈ? ಹೊರಗಿನಿಂದ ನೋಡಿದಾಗ ಶೃಂಗಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬರುವಂತೆ ಬರೆಯುವುದು ಹಲವು ಕಡತಗಳ ರೂಢಿ. ಮಾದರಿ ಕನ್ನಡಿ ಬಿಂಬವಾದಾಗ ಈ ಕ್ರಮವೂ ತಿರುವುಮುರುವಾಗುತ್ತದೆ. ಒಳಮೈಯನ್ನು ಚಿತ್ರಿಸದೆ ಬಿಡುವ ತಂತ್ರಾಂಶದಲ್ಲಿ ಆಗ ಹತ್ತಿರದ ಗೋಡೆ ಮಾಯವಾಗಿ ದೂರದ ಗೋಡೆಯ ಒಳಭಾಗ ಕಾಣುತ್ತದೆ. ಮಾದರಿಯಲ್ಲಿ ತೂತು ಬಿದ್ದಂತೆ ಕಂಡರೆ ಮೊದಲು ಇದನ್ನು ಸಂಶಯಿಸಿ.

ಬಣ್ಣದ ಕಥೆ ಬೇರೆ. 1980ರ ದಶಕದಲ್ಲಿ ವೇವ್‌ಫ್ರಂಟ್ ಕಂಪನಿ ರೂಪಿಸಿದ ಓಬಿಜೆ ಕಡತದಲ್ಲಿ ಆಕಾರ ಮಾತ್ರ ಇರುತ್ತದೆ. ಬಣ್ಣದ ವಿವರ ಜೊತೆಗಿರುವ ಎಂಟಿಎಲ್ ಎಂಬ ಇನ್ನೊಂದು ಕಡತದಲ್ಲಿ, ಮೈಮೇಲೆ ಹೊದಿಸುವ ಚಿತ್ರ ಮೂರನೆಯ ಕಡತದಲ್ಲಿ. ಓಬಿಜೆಯನ್ನಷ್ಟೇ ಮಿಂಚಂಚೆಯಲ್ಲಿ ಕಳಿಸಿದರೆ ಬಣ್ಣ ಮನೆಯಲ್ಲೇ ಉಳಿಯುತ್ತದೆ. ಹೊದಿಕೆಯ ಚಿತ್ರ ಸಿಗದಿದ್ದಾಗ ಬ್ಲೆಂಡರ್ ಆ ಭಾಗವನ್ನು ಢಾಳಾದ ಗುಲಾಬಿ ಬಣ್ಣದಲ್ಲಿ ತೋರಿಸಿ ಎಚ್ಚರಿಸುತ್ತದೆ. ಎಂಟಿಎಲ್ ಹೇಳುವುದು 'ಹೊಳಪು ಎಷ್ಟು' ಎಂಬ ಹಳೆಯ ಭಾಷೆಯಲ್ಲಿ. ಇಂದಿನ ತಂತ್ರಾಂಶಗಳು ಕೇಳುವುದು 'ಲೋಹವೇ? ಮೈ ಎಷ್ಟು ಒರಟು?' ಎಂದು. ಒಂದರಿಂದ ಇನ್ನೊಂದಕ್ಕೆ ಅನುವಾದ ಮಾಡುವಾಗ ಅಂದಾಜು ಅನಿವಾರ್ಯ. ಹಿತ್ತಾಳೆಯ ಚೊಂಬು ಹಳದಿ ಪ್ಲಾಸ್ಟಿಕ್ಕಿನಂತೆ ಕಾಣುವುದು ಇದರಿಂದಲೇ.

ಯಾವ ಕಡತ ಯಾವುದಕ್ಕೆ?

ಊಹೆಗೆ ಎಡೆಯಿಲ್ಲದಂತೆ ಎಲ್ಲವನ್ನೂ ಕಡತದಲ್ಲೇ ಬರೆಯುವ ಪ್ರಯತ್ನಗಳು ನಡೆದಿವೆ. 2004ರಲ್ಲಿ ಬಂದ ಕೊಲಾಡಾ ಕಡತದಲ್ಲಿ ಏಕಮಾನವನ್ನೂ ಮೇಲ್ಮುಖದ ಅಕ್ಷವನ್ನೂ ನಮೂದಿಸಲು ಜಾಗವಿತ್ತು. ಕ್ರೋನಸ್ ಒಕ್ಕೂಟ 2015ರಲ್ಲಿ ತಂದ ಜಿಎಲ್‌ಟಿಎಫ್ ಇನ್ನೂ ಬಿಗಿ. ಉದ್ದ ಎಂದರೆ ಮೀಟರೇ, ಮೇಲೆಂದರೆ ವೈ ಅಕ್ಷವೇ, ವ್ಯವಸ್ಥೆ ಬಲಗೈಯದೇ. ಆಕಾರ, ಬಣ್ಣ, ಹೊದಿಕೆಯ ಚಿತ್ರಗಳನ್ನು ಒಂದೇ ಕಡತದಲ್ಲಿ ಕಟ್ಟಿಕೊಡುವ ಅನುಕೂಲವೂ ಇದೆ. 2022ರಲ್ಲಿ ಇದು ಅಂತರರಾಷ್ಟ್ರೀಯ ಮಾನಕವಾಯಿತು. ಪಿಕ್ಸಾರ್ ಚಲನಚಿತ್ರ ಸಂಸ್ಥೆ 2016ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ಯುಎಸ್‌ಡಿ, ಅನೇಕರು ಒಟ್ಟಿಗೆ ದುಡಿಯುವ ದೊಡ್ಡ ದೃಶ್ಯಗಳಿಗೆ ತಕ್ಕದ್ದು. ಬಾಗಿದ ಮೈಯನ್ನು ಬಾಗಿದಂತೆಯೇ ಒಯ್ಯಬೇಕಾದ ಎಂಜಿನಿಯರುಗಳಿಗೆ ಸ್ಟೆಪ್ ಎಂಬ ಮಾನಕವಿದೆ. ತರಗತಿಯ ಪರದೆಗೆ ಜಿಎಲ್‌ಟಿಎಫ್, ಮುದ್ರಣಕ್ಕೆ ಎಸ್‌ಟಿಎಲ್ ಎಂದು ನೆನಪಿಟ್ಟರೆ ಬಹುಪಾಲು ಕೆಲಸ ಸಾಗುತ್ತದೆ.

ತಂತಿ ಸಾಲದಾದಾಗ

ಇದೆಲ್ಲ ಪರದೆಯ ಮೇಲಿನ ಆಟವೆಂದು ತಿಳಿಯಬೇಡಿ. ಏರ್‌ಬಸ್ ಎ380 ಎಂಬ ಬೃಹತ್ ವಿಮಾನದ ಭಾಗಗಳು ಯೂರೋಪಿನ ಹಲವು ದೇಶಗಳಲ್ಲಿ ತಯಾರಾಗುತ್ತಿದ್ದವು. ಜರ್ಮನಿಯ ಹ್ಯಾಂಬರ್ಗಿನ ವಿನ್ಯಾಸಕರು ಕಾಟಿಯಾ ತಂತ್ರಾಂಶದ 4ನೆಯ ಆವೃತ್ತಿಯನ್ನು ಬಳಸುತ್ತಿದ್ದರು, ಫ್ರಾನ್ಸಿನವರು 5ನೆಯದನ್ನು. ಎರಡರ ನಡುವೆ ಮಾದರಿಗಳು ಪೂರ್ತಿಯಾಗಿ, ತಪ್ಪಿಲ್ಲದೆ ದಾಟುತ್ತಿರಲಿಲ್ಲ. ಒಂದು ವಿಮಾನದಲ್ಲಿ 500 ಕಿಲೋಮೀಟರಿಗೂ ಹೆಚ್ಚು ಉದ್ದದ ವಿದ್ಯುತ್ ತಂತಿ. ಜರ್ಮನಿಯಲ್ಲಿ ಸಿದ್ಧಪಡಿಸಿದ ತಂತಿಗಳ ಕಟ್ಟುಗಳನ್ನು ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಿಸಲು ಹೋದಾಗ ಅವು ಹಾದಿಗೆ ಸರಿಹೊಂದಲಿಲ್ಲ, ಕೆಲವು ಗಿಡ್ಡವಾಗಿದ್ದವು. 2006ರಲ್ಲಿ ಕಂಪನಿ ಮತ್ತೆ ಮತ್ತೆ ವಿಳಂಬವನ್ನು ಘೋಷಿಸಬೇಕಾಯಿತು. ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ. ಆವೃತ್ತಿ ಭೇದವೊಂದೇ ಕಾರಣವಲ್ಲದಿದ್ದರೂ ಅದು ಮುಖ್ಯ ಕಾರಣಗಳಲ್ಲೊಂದು. ಪರದೆಯ ಮೇಲಿನ ಸಣ್ಣ ವ್ಯತ್ಯಾಸ ತಾಮ್ರದ ತಂತಿಯಲ್ಲಿ ಕಂಡಾಗ ಬಹಳ ದುಬಾರಿಯಾಗಿತ್ತು.

ನೀವೇ ಮಾಡಿ ನೋಡಿ

ಬ್ಲೆಂಡರ್ ಉಚಿತ, ನಾಸಾ ಸಂಸ್ಥೆ ಗಗನನೌಕೆ, ಕ್ಷುದ್ರಗ್ರಹಗಳ ಮಾದರಿಗಳನ್ನು ಉಚಿತವಾಗಿ ಕೊಡುತ್ತದೆ. ಯಾವುದೇ ಮಾದರಿಯನ್ನು ಕಳಿಸುವ ಮುನ್ನ ಅದರ ಪಕ್ಕದಲ್ಲಿ ಒಂದು ಸಾಕ್ಷಿ ವಸ್ತುವನ್ನು ಇಡಿ. ಎಕ್ಸ್ ದಿಕ್ಕಿಗೆ 1, ವೈ ದಿಕ್ಕಿಗೆ 2, ಜೆಡ್ ದಿಕ್ಕಿಗೆ 3 ಮೀಟರ್ ಉದ್ದದ ಮೂರು ಕಡ್ಡಿಗಳನ್ನು ಒಂದು ಮೂಲೆಯಲ್ಲಿ ಸೇರಿಸಿದರೆ ಸಾಕು. ಪ್ರತಿಯೊಂದಕ್ಕೂ ಬೇರೆ ಬಣ್ಣ ಕೊಡಿ. ಆಮೇಲೆ ಇನ್ನೊಂದು ತಂತ್ರಾಂಶದಲ್ಲಿ ತೆರೆದು ನಾಲ್ಕು ಪ್ರಶ್ನೆ ಕೇಳಿ. ಉದ್ದವಾದ ಕಡ್ಡಿ ಮೇಲಕ್ಕೇ ಇದೆಯೇ? ಅದರ ಅಳತೆ 3 ಮೀಟರೇ? ಮೂರರ ಪ್ರಮಾಣ 1:2:3 ಆಗಿಯೇ ಇದೆಯೇ? ಬಲಗೈಯ ಬೆರಳುಗಳನ್ನು ಆ ಕಡ್ಡಿಗಳಿಗೆ ಹೊಂದಿಸಲು ಆಗುತ್ತದೆಯೇ? ದಿಕ್ಕು, ಗಾತ್ರ, ಆಕಾರ, ಎಡಬಲ ನಾಲ್ಕೂ ಇಷ್ಟರಿಂದ ಗೊತ್ತಾಗುತ್ತವೆ. ಬಣ್ಣ ಉಳಿಯಿತೇ ಎಂಬುದಂತೂ ಕಣ್ಣಿಗೇ ಕಾಣುತ್ತದೆ.

ಹಳೆಯ ಕಾಲದಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಿರುತ್ತಿರಲಿಲ್ಲ. ಅಕ್ಕಿ ಕೊಳ್ಳುವವರು 'ಯಾವ ಊರ ಸೇರು?' ಎಂದು ಮೊದಲು ಕೇಳಿಕೊಳ್ಳಬೇಕಿತ್ತು. ಪ್ರಯೋಗಾಲಯದಲ್ಲಿ ಏಕಮಾನವಿಲ್ಲದ ಉತ್ತರಕ್ಕೆ ನಾವು ಅಂಕ ಕೊಡುವುದಿಲ್ಲ. ಗಣಕದ ಮಾದರಿಗೂ ಅದೇ ಶಿಸ್ತು ಅನ್ವಯಿಸುತ್ತದೆ. ನಿಮ್ಮ ವಿದ್ಯಾರ್ಥಿಗಳು ಮಾದರಿ ತಯಾರಿಸಿದಾಗ ಕಡತದ ಜೊತೆ ಒಂದು ಚೀಟಿ ಬರೆದಿಡಲು ಹೇಳಿ: ಏಕಮಾನ ಯಾವುದು, ಮೇಲಿನ ಅಕ್ಷ ಯಾವುದು, ಎಡಗೈಯೋ ಬಲಗೈಯೋ, ಏನನ್ನಾದರೂ ಕುಗ್ಗಿಸಿದ್ದೇವೆಯೋ. ಯೂಟಾದ ಟೀಪಾಟಿನ ಜೊತೆ ಅಂಥ ಚೀಟಿಯೊಂದು ಹೋಗಿದ್ದರೆ, ಅದರ ನಿಜವಾದ ಎತ್ತರ ಸಂಖ್ಯೆಗಳನ್ನು ಪಡೆದ ಎಲ್ಲರಿಗೂ ತಿಳಿದಿರುತ್ತಿತ್ತು.